ಒಂದು ಅಣೆಕಟ್ಟು, ಎರಡು ದೇಶ, ಎರಡು ಲಯ!

ಒಂದು ಯಂತ್ರ ನಿಮಿಷಕ್ಕೆ 90.9 ಸುತ್ತು ತಿರುಗುತ್ತದೆ. ಅದೇ ಸಾಲಿನ ಇನ್ನೊಂದು, 92.3 ಸುತ್ತು. ಈ ಒಂದೂವರೆ ಸುತ್ತಿನ ಅಂತರದಲ್ಲಿ ಒಂದು ಪುಟ್ಟ ದೇಶದ ಸ್ವಾಭಿಮಾನವೇ ಅಡಗಿದೆ ಎಂದರೆ ನಂಬುತ್ತೀರಾ?

ಇದು ಇಟೈಪು! ಬ್ರೆಜಿಲ್ ಮತ್ತು ಪರಾಗ್ವೆಯ ಗಡಿಯಲ್ಲಿ ಹರಿಯುವ ಪರಾನಾ ನದಿಗೆ ಕಟ್ಟಿದ, 196 ಮೀಟರ್ ಎತ್ತರದ, ಸುಮಾರು 8 ಕಿಲೋಮೀಟರ್ ಉದ್ದದ ಅಣೆಕಟ್ಟು. ತಲಾ 700 ಮೆಗಾವಾಟ್‌ನ 20 ಯಂತ್ರಗಳು, ಒಟ್ಟು 14,000 ಮೆಗಾವಾಟ್! ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಘಟಕಗಳ ಸಾಮರ್ಥ್ಯ 1,035 ಮೆಗಾವಾಟ್. ಇಟೈಪುವಿನ ಎರಡೇ ಯಂತ್ರಗಳು ಅದನ್ನು ಮೀರಿಸುತ್ತವೆ. ಒಂದೊಂದು ಯಂತ್ರಕ್ಕೂ ನೀರು ಇಳಿಯುವ ಕೊಳವೆಯ ವ್ಯಾಸ 10.5 ಮೀಟರ್. ಅದರಲ್ಲಿ ಧುಮುಕುವ ನೀರು ಸುಮಾರು 25 ಸಾವಿರ ಕ್ಯೂಸೆಕ್!

1973ರ ಒಪ್ಪಂದದ ಪ್ರಕಾರ ಕರೆಂಟು ಇಬ್ಬರಿಗೂ ಸಮಪಾಲು. ಆದರೆ ಆವರ್ತನ (ಫ್ರೀಕ್ವೆನ್ಸಿ) ಬೇರೆ: ಬ್ರೆಜಿಲ್‌ನದು 60 ಹರ್ಟ್ಸ್, ಪರಾಗ್ವೆಯದು ನಮ್ಮಂತೆಯೇ 50. ನೀನೂ 60ಕ್ಕೆ ಬದಲಾಗು ಎಂಬ ದೊಡ್ಡಣ್ಣನ ಮಾತಿಗೆ ಪರಾಗ್ವೆ ಮಣಿಯಲಿಲ್ಲ. ಹಾಗಾಗಿ ಹತ್ತು ಯಂತ್ರ 50ಕ್ಕೆ, ಹತ್ತು 60ಕ್ಕೆ. 50ರ ಯಂತ್ರದ ರೋಟರ್‌ಗೆ 66 ಕಾಂತಧ್ರುವ, 60ರದಕ್ಕೆ 78. ಆ ಒಂದೂವರೆ ಸುತ್ತಿನ ಅಂತರ ಬಂದದ್ದು ಹೀಗೆ! ನಿಯಂತ್ರಣ ಕೊಠಡಿಯ ನಟ್ಟನಡುವೆಯೇ ಗಡಿರೇಖೆ ಹಾದುಹೋಗುತ್ತದೆ.

ಪರಾಗ್ವೆ ಬಳಸಿ ಉಳಿದ ಕರೆಂಟು? ಅದನ್ನು ಏಕಮುಖ ಪ್ರವಾಹಕ್ಕೆ (ಡಿಸಿ) ಬದಲಿಸಿ, 600 ಕಿಲೋವೋಲ್ಟ್ ತಂತಿಯಲ್ಲಿ ಸುಮಾರು 800 ಕಿಲೋಮೀಟರ್ ದೂರದ ಸಾವೊ ಪಾಲೊ ಕಡೆಗೆ ಸಾಗಿಸಿ, ಅಲ್ಲಿ 60 ಹರ್ಟ್ಸ್‌ನ ಪರ್ಯಾಯ ಪ್ರವಾಹವಾಗಿ (ಎಸಿ) ಮಾಡುತ್ತಾರೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಕರೆಂಟು ಬರುವುದೂ ಇಂಥದೇ ಡಿಸಿ ಮಾರ್ಗದಲ್ಲಿ!

2016ರಲ್ಲಿ ಇಟೈಪು ಉತ್ಪಾದಿಸಿದ್ದು 10,300 ಕೋಟಿ ಯೂನಿಟ್‌ಗೂ ಹೆಚ್ಚು. ಅಂದಿಗೆ ಅದು ವಿಶ್ವದಾಖಲೆ. ಈ ಎರಡು ದೇಶಗಳು ಇದನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದು ತಿಳಿದದ್ದು 2009ರ ನವೆಂಬರ್ 10ರ ರಾತ್ರಿ. ಬ್ರೆಜಿಲ್‌ನ ಪ್ರಸರಣ ಮಾರ್ಗಗಳು ಕೈಕೊಟ್ಟು ಇಪ್ಪತ್ತೂ ಯಂತ್ರಗಳು ನಿಂತವು. ಬ್ರೆಜಿಲ್‌ನ 18 ರಾಜ್ಯಗಳಿಗೆ ಅದರ ಬಿಸಿ ತಟ್ಟಿತು. ಪರಾಗ್ವೆಯಲ್ಲಂತೂ ಸ್ವಲ್ಪ ಹೊತ್ತು ಇಡೀ ದೇಶವೇ ಕತ್ತಲಲ್ಲಿತ್ತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1982ರಲ್ಲಿ ಜಲಾಶಯ ತುಂಬಿದಾಗ ಭೋರ್ಗರೆಯುತ್ತಿದ್ದ ಗುವೈರಾ ಜಲಪಾತ ಶಾಶ್ವತವಾಗಿ ಮುಳುಗಿತು. ಗುವರಾನಿ ಮೂಲನಿವಾಸಿಗಳು ನೆಲೆ ಕಳೆದುಕೊಂಡರು. ಆ ಋಣ ಉಳಿದೇ ಇದೆ. ಕಟ್ಟಲು ತಂದ ಸಾಲ ಮಾತ್ರ 2023ರ ಫೆಬ್ರವರಿಯಲ್ಲಿ ಪೂರ್ತಿ ತೀರಿತು.