ಬೂಷ್ಟಿನ ವಿಷವನ್ನು ಹೊಲದಲ್ಲೇ ತಡೆಯಿರಿ



ಕಡಲೆಕಾಯಿಗೆ ಬೂಷ್ಟು ಹಿಡಿದರೆ ಬೆಲೆ ಇಳಿಯುವುದೆಂದು ನಾವೆಲ್ಲರೂ ಬಲ್ಲೆವು. ಅದನ್ನು ತಿಂದವರ ಆರೋಗ್ಯವೂ ಕೆಡುವುದೆಂಬುದನ್ನು ಅನೇಕರು ಅರಿಯರು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತವು. ಅವುಗಳ ಆಹಾರಕ್ಕೆ ಬೆರೆಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ತೀರಿಕೊಂಡರು. ಈ ವಿಷ ಈಲಿಯನ್ನು, ಎಂದರೆ ಪಿತ್ತಜನಕಾಂಗವನ್ನು, ಕೆಡಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಈಲಿಯ ಕ್ಯಾನ್ಸರ್ ಬರಬಹುದು. ಬೇಯಿಸಿದರೂ ಹುರಿದರೂ ವಿಷ ಪೂರ್ತಿ ಹೋಗದು.

ವೈದ್ಯರು ಆಸ್ಪತ್ರೆಯಲ್ಲಿ ಕಾಣುವ ಈ ರೋಗದ ಮೂಲ ಹೊಲದಲ್ಲಿದೆ. ಆದ್ದರಿಂದ ಸಸ್ಯರೋಗ ತಜ್ಞರು ಮದ್ದನ್ನೂ ಹೊಲದಲ್ಲೇ ಹುಡುಕಿದರು. ಈ ಬೂಷ್ಟಿನ ಎಲ್ಲ ತಳಿಗಳೂ ವಿಷ ಮಾಡುವುದಿಲ್ಲ. ವಿಷವಿಲ್ಲದ ತಳಿಯನ್ನು ಮೊದಲೇ ಹೊಲಕ್ಕೆ ಬಿಟ್ಟರೆ, ಅದು ಜಾಗ ಹಿಡಿದು ವಿಷದ ತಳಿಯನ್ನು ಹೊರಗಟ್ಟುತ್ತದೆ. ಅಮೆರಿಕದ ಪೀಟರ್ ಕಾಟಿಯವರು ಇದನ್ನು ಅರಿಜೋನಾದ ಹತ್ತಿ ಹೊಲಗಳಲ್ಲಿ ಮಾಡಿ ತೋರಿಸಿದರು. ಹಿಂದೆ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿದ್ದ ರಣಜಿತ್ ಬಂದ್ಯೋಪಾಧ್ಯಾಯರು, ಕಾಟಿಯವರೊಡನೆ ಕೂಡಿ, ನೈಜೀರಿಯಾದಲ್ಲಿ ಮೆಕ್ಕೆಜೋಳ ಮತ್ತು ಕಡಲೆಕಾಯಿಗೆ ಈ ಕ್ರಮವನ್ನು ತಂದರು. ಮೊಳೆಯದಂತೆ ಹುರಿದ ಜೋಳದ ಕಾಳಿಗೆ ಒಳ್ಳೆಯ ಬೂಷ್ಟನ್ನು ಲೇಪಿಸಿ, ಪೈರು ಹೂ ಬಿಡುವುದಕ್ಕೆ 2-3 ವಾರ ಮುಂಚೆ ಎಕರೆಗೆ 4 ಕಿಲೋದಂತೆ ಎರಚುತ್ತಾರೆ. ಇದರಿಂದ ವಿಷವು ಶೇಕಡಾ 80ಕ್ಕೂ ಹೆಚ್ಚು ತಗ್ಗಿರುವುದುಂಟು.

ಆದರೆ ಈ ಬೂಷ್ಟನ್ನು ಆಯಾ ನಾಡಿನ ಮಣ್ಣಿನಿಂದಲೇ ಆರಿಸಬೇಕು. ಹೊರಗಿನದನ್ನು ತಂದು ಎರಚುವಂತಿಲ್ಲ. ನಮ್ಮ ಕೈಯಲ್ಲೇ ಇರುವ ಉಪಾಯಗಳು ಇವು:

1. ಕಾಯಿ ಬಲಿಯುವ ಕಡೆಯ ತಿಂಗಳಲ್ಲಿ ಮಳೆ ತಪ್ಪಿದರೆ, ನೀರಿನ ಅನುಕೂಲವಿದ್ದವರು ಒಂದು ನೀರು ಕೊಡಿ.
2. ಹದಕ್ಕೆ ಸರಿಯಾಗಿ ಕೀಳಿರಿ. ಗುದ್ದಲಿ ತಗುಲಿದ, ಹುಳು ತಿಂದ ಕಾಯಿಗಳನ್ನು ಬೇರ್ಪಡಿಸಿ.
3. ಕಾಯಿ ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ತೇವ ನೂರಕ್ಕೆ 8ಕ್ಕಿಂತ ಹೆಚ್ಚಿರಕೂಡದು.
4. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಸುಲಿಯುವಾಗ ಕಾಯಿಗೆ ನೀರು ಚಿಮುಕಿಸಬೇಡಿ.
5. ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಬೇಡಿ; ವಿಷ ಹಾಲಿಗೆ ಇಳಿಯುತ್ತದೆ.

ಒಳ್ಳೆಯ ಕಾಳನ್ನು ಮಂಡಿಗೆ ಕಳಿಸಿ, ಅಲ್ಲಿ ತೆಗೆದುಕೊಳ್ಳದ ಮುರುಕು ಕಾಳನ್ನು ಮನೆಯ ಚಟ್ನಿಗೆ ಉಳಿಸಿಕೊಳ್ಳುವ ವಾಡಿಕೆ ಉಂಟು. ಇದು ಬೇಡ. ಮಾರಲು ತಕ್ಕದ್ದಲ್ಲದ ಕಾಳು ಮಕ್ಕಳ ತಟ್ಟೆಗೂ ತಕ್ಕದ್ದಲ್ಲ.