ಕಥೆ ಹೇಳುವವರು ಯಾರು? ಪಾತ್ರದ ಮನಸ್ಸು ನಮಗೆ ತಿಳಿಯುವುದು ಹೇಗೆ?

ಉದಗೀರ: ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಕಲಿತ ಗಡಿಭಾಗದ ಓದುಗರಿಗೆ ವ್ಯಾಕರಣ ಒಂದು ತೊಡಕು ತಂದಿಡುತ್ತದೆ. ಮರಾಠಿಯಲ್ಲಿ 'ಪ್ರಥಮ ಪುರುಷ' ಎಂದರೆ 'ಮೀ', ಅಂದರೆ ನಾನು. ಕನ್ನಡದಲ್ಲಿ 'ನಾನು' ಉತ್ತಮ ಪುರುಷ. ಪ್ರಥಮ ಪುರುಷ ಎಂದರೆ ಅವನು, ಅವಳು. ಒಂದೇ ಹೆಸರು, ಅರ್ಥ ಮಾತ್ರ ತಿರುಗುಮುರುಗು. ಆದ್ದರಿಂದ ಕಥೆಯ ನಿರೂಪಣೆಯ ಬಗ್ಗೆ ಮಾತನಾಡುವಾಗ 'ನಾನು ಕಥೆ', 'ಅವನು ಕಥೆ' ಎನ್ನುವುದೇ ಸರಳ.

ಒಂದು ಉದಾಹರಣೆ ನೋಡೋಣ. ಅಪ್ಪ ಮನೆಯ ದೇವಣಿ ಎತ್ತಿನ ಜೋಡಿಯನ್ನು ಸಂತೆಯಲ್ಲಿ ಮಾರಿ ಬಂದಿದ್ದಾನೆ. ಇದನ್ನು ಮಗನೇ 'ನಾನು' ಎಂದು ಹೇಳಿದರೆ ಅವನ ಸಿಟ್ಟು ಓದುಗನಿಗೆ ನೇರವಾಗಿ ತಿಳಿಯುತ್ತದೆ. ಅಪ್ಪನ ಮನಸ್ಸು ತಿಳಿಯುವುದಿಲ್ಲ. ಅಪ್ಪ ಉಣ್ಣದೆ ಮಲಗಿದ, ಬರಿದಾದ ಗೂಟದ ಕಡೆ ನೋಡಲಿಲ್ಲ ಎಂದಷ್ಟೇ ಮಗ ಹೇಳಬಲ್ಲ. ಉಳಿದದ್ದನ್ನು ಓದುಗ ಊಹಿಸಬೇಕು.

ಹೊರಗಿನ ನಿರೂಪಕ ಹೇಳಿದರೆ ಇಬ್ಬರ ಮನಸ್ಸಿಗೂ ಹೋಗಬಹುದು. ಮಗಳ ಕಾಲೇಜಿನ ಫೀ ಕಟ್ಟುವ ಚಿಂತೆಯಲ್ಲಿ ಅಪ್ಪ ಎತ್ತು ಮಾರಿದ ಎಂದು ತಿಳಿಸಬಹುದು. ಅಥವಾ ಯಾರ ಮನಸ್ಸಿಗೂ ಹೋಗದೆ, ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದನ್ನಷ್ಟೇ ಹೇಳಬಹುದು. ಘಟನೆ ಒಂದೇ ಆದರೂ ಓದುಗ ಯಾರ ಪರ ನಿಲ್ಲುತ್ತಾನೆ ಎಂಬುದು ಬದಲಾಗುತ್ತದೆ.

ಒಂದೇ ಮಹಾಭಾರತ, ಎರಡು ದಾರಿ

ಎರಡೂ ಭಾಷೆ ಬಲ್ಲವರಿಗೆ ಇದಕ್ಕೆ ಒಳ್ಳೆಯ ಜೋಡಿ ಪುಸ್ತಕಗಳಿವೆ. ಶಿವಾಜಿ ಸಾವಂತ ಅವರ ಮರಾಠಿ ಕಾದಂಬರಿ 'ಮೃತ್ಯುಂಜಯ' 1967ರಲ್ಲಿ ಬಂತು. ಅದರಲ್ಲಿ 9 ಭಾಗಗಳಿವೆ. 4 ಭಾಗಗಳನ್ನು ಕರ್ಣನೇ 'ನಾನು' ಎಂದು ಹೇಳುತ್ತಾನೆ. ಕುಂತಿ, ದುರ್ಯೋಧನ, ವೃಷಾಲಿ, ಶೋಣ, ಕೃಷ್ಣ ಇವರದು ಒಂದೊಂದು ಭಾಗ. ಕರ್ಣನ ಬಾಯಿಂದಲೇ ಅವಮಾನದ ಕಥೆ ಕೇಳಿದ ಓದುಗ ಸಹಜವಾಗಿ ಅವನ ಕಡೆ ವಾಲುತ್ತಾನೆ. ಆದರೆ 'ನಾನು' ಎನ್ನುವವನಿಗೆ ಒಂದು ಮಿತಿ ಇದೆ, ತನ್ನ ಸಾವಿನ ನಂತರದ್ದನ್ನು ಅವನು ಹೇಳಲಾರ. ಕಾದಂಬರಿಯ ಕೊನೆಯ ಭಾಗವನ್ನು ಕೃಷ್ಣನಿಗೆ ಒಪ್ಪಿಸಿದ್ದರಿಂದ ಈ ತೊಡಕು ಬಗೆಹರಿದಿದೆ.

ಎಸ್.ಎಲ್. ಭೈರಪ್ಪನವರ 'ಪರ್ವ' 1979ರದು. ಉಮಾ ಕುಲಕರ್ಣಿ ಅವರು ಇದನ್ನು ಮರಾಠಿಗೆ ತಂದಿದ್ದಾರೆ. ಇಲ್ಲಿ ಕಥೆ ಹೇಳುವವನು ಹೊರಗಿನ ನಿರೂಪಕ. ಆದರೆ ಅವನು ಮುದುಕ ಶಲ್ಯ, ಕುಂತಿ, ದ್ರೌಪದಿ, ಭೀಮ, ಕರ್ಣ ಮೊದಲಾದವರ ನೆನಪುಗಳ ಒಳಗೆ ಸರದಿಯಂತೆ ಇಳಿಯುತ್ತಾನೆ. ಒಬ್ಬರ ನೋವು ಅರ್ಥವಾಗುವ ಹೊತ್ತಿಗೆ ಇನ್ನೊಬ್ಬರ ನೋವು ಎದುರಾಗುತ್ತದೆ. ತೀರ್ಪು ಓದುಗನಿಗೆ ಬಿಟ್ಟದ್ದು.

'ತಾನು' ಮತ್ತು 'ಆಪಣ'

'ಅವನು ಕಥೆ'ಯಲ್ಲಿ ಮನಸ್ಸಿನ ಒಳಗೆ ಹೋಗಲು ನಮ್ಮ ಎರಡೂ ಭಾಷೆಗಳಲ್ಲಿ ಸಣ್ಣ ಬಾಗಿಲೊಂದಿದೆ. "ಅವನು ಗೂಟದ ಹತ್ತಿರ ನಿಂತ. ತಾನು ದುಡುಕಿದೆನೇ?" ಎಂಬ ಸಾಲು ನೋಡಿ. ಮೊದಲ ವಾಕ್ಯ ಹೊರಗಿನದು, ಎರಡನೆಯದು ಅವನ ಮನಸ್ಸಿನದು. 'ಎಂದು ಯೋಚಿಸಿದ' ಎಂದು ಹೇಳಬೇಕಾಗಿಯೇ ಇಲ್ಲ. 'ತಾನು' ಎಂಬ ಒಂದು ಪದ ಆ ಕೆಲಸ ಮಾಡಿತು. ಮರಾಠಿ ಕಥೆಗಳಲ್ಲಿ 'ಆಪಣ' ಎಂಬ ಪದ ಇದೇ ಕೆಲಸ ಮಾಡುತ್ತದೆ. ಓದುವಾಗ ಈ ಪದ ಬಂದಲ್ಲಿ ಗಮನಿಸಿದರೆ ಲೇಖಕರು ಯಾರ ಮನಸ್ಸಿನೊಳಗೆ ಹೊಕ್ಕಿದ್ದಾರೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ನಮ್ಮ ಹಿರಿಯರ ಕಥೆ

ಇದು ಕಾದಂಬರಿಗಷ್ಟೇ ಸೇರಿದ ವಿಷಯವಲ್ಲ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷ ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರದಲ್ಲಿ ಉಳಿದವು. ಉಮರ್ಗಾ ಕೂಡ ಹೈದರಾಬಾದ ರಾಜ್ಯದಿಂದಲೇ ಬಂದದ್ದು. ಊರು ಬಿಟ್ಟು ಕದಲದೆಯೇ ರಾಜ್ಯ ಬದಲಾದದ್ದನ್ನು ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. 1948ರ ಪೊಲೀಸ್ ಕಾರ್ಯಾಚರಣೆಯ ವೇಳೆ 10 ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ.

ಅವರ ನೆನಪನ್ನು ಮೊಮ್ಮಕ್ಕಳು ಬರೆದುಕೊಳ್ಳುವುದಾದರೆ ಮೊದಲು ಅವರ 'ನಾನು' ಹಾಗೆಯೇ ಇರಲಿ, ಅವರು ಆಡಿದ ಕನ್ನಡದಲ್ಲೇ ಇರಲಿ. ಮರಾಠಿಗೆ ತರುವುದು ಆಮೇಲಿನ ಕೆಲಸ. 'ಅಜ್ಜಿ ಹೆದರಿದ್ದಳು' ಎಂದು ಮೊಮ್ಮಗ ಬರೆದರೆ ಅದು ಮೊಮ್ಮಗನ ಊಹೆ. 'ನನಗ ಅಂಜಿಕಿ ಬಂತು' ಎಂದು ಅಜ್ಜಿಯೇ ಹೇಳಿದ್ದನ್ನು ಬರೆದರೆ ಅದು ಸಾಕ್ಷಿ. ಕಥೆಗಾರನಿಗೆ ಯಾರ ಮನಸ್ಸಿನೊಳಗೂ ಹೋಗುವ ಸ್ವಾತಂತ್ರ್ಯ ಇದೆ. ನಡೆದದ್ದನ್ನು ದಾಖಲಿಸುವವನು ಮಾತ್ರ ಮನಸ್ಸಿನ ಮಾತನ್ನು ಆ ಮನಸ್ಸಿನವರ ಬಾಯಿಂದಲೇ ಕೇಳಬೇಕು. ಕೇಳಲು ಉಳಿದಿರುವ ಕಾಲ ಹೆಚ್ಚಿಲ್ಲ.