ಮೀನಿನಲ್ಲಿ ಔಷಧದ ಶೇಷಾಂಶ: ವರ್ತಕರು ತಿಳಿಯಬೇಕಾದ ಸಂಗತಿಗಳು

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಿಗೆ ಕಡಲಿಲ್ಲ. ಆದರೆ ಮೀನಿನ ವ್ಯಾಪಾರವಿದೆ. ಕೆರೆ ಹಾಗೂ ಹೊಂಡಗಳಲ್ಲಿ ಸಾಕಿದ ಕಾಟ್ಲಾ, ರೋಹು ಒಂದೆಡೆಯಾದರೆ, ಕರಾವಳಿಯಿಂದ ಬರುವ ಬಂಗುಡೆ ಮತ್ತೊಂದೆಡೆ. ಇವೆರಡರ ನಡುವಿನ ವ್ಯತ್ಯಾಸ ವರ್ತಕರಿಗೆ ಮುಖ್ಯವಾದುದು. ಸಮುದ್ರದಲ್ಲಿ ಹಿಡಿದ ಬಂಗುಡೆಗೆ ಯಾರೂ ಔಷಧ ಕೊಟ್ಟಿರುವುದಿಲ್ಲ. ಅಲ್ಲಿ ಚಿಂತೆ ಕೊಳೆಯುವಿಕೆ ಮತ್ತು ಫಾರ್ಮಾಲಿನ್ ಬೆರಕೆಯದು. ಪಶು ಔಷಧದ ಶೇಷಾಂಶವು ಮುಖ್ಯವಾಗಿ ಸಾಕಿದ ಮೀನು ಮತ್ತು ಸಿಗಡಿಯ ಸಮಸ್ಯೆ.

ಶೇಷಾಂಶ ಉಳಿಯುವುದು ಹೇಗೆ?

ರೋಗ ಕಾಣಿಸಿದಾಗ ಮೇವಿನಲ್ಲಿ ಅಥವಾ ನೀರಿನಲ್ಲಿ ಬೆರೆಸಿದ ಔಷಧವು ಮೀನಿನ ದೇಹದಿಂದ ಹೊರಹೋಗಲು ಕಾಲಾವಕಾಶ ಬೇಕು. ಆ ಅವಧಿ ಮುಗಿಯುವ ಮೊದಲೇ ಬಲೆ ಹಾಕಿದರೆ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ನೈಟ್ರೋಫ್ಯೂರಾನ್ ಗುಂಪಿನ ಔಷಧಗಳು ಬೇಗನೆ ರೂಪಾಂತರ ಹೊಂದುತ್ತವೆ. ಆದರೆ ಅವುಗಳ ಉತ್ಪನ್ನಗಳು ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಇರುತ್ತವೆ. ಶಿಲೀಂಧ್ರ ನಿವಾರಣೆಗೆ ಬಳಸುತ್ತಿದ್ದ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣವು ಬಣ್ಣವಿಲ್ಲದ ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ಸೇರುತ್ತದೆ. ಮೀನನ್ನು ತೊಳೆಯುವುದರಿಂದಾಗಲಿ, ಮಂಜುಗಡ್ಡೆಯಲ್ಲಿ ಇಡುವುದರಿಂದಾಗಲಿ ಇವು ಹೋಗುವುದಿಲ್ಲ. ಕಣ್ಣು, ಮೂಗು, ಕೈಗಳಿಂದ ಪತ್ತೆಯೂ ಆಗುವುದಿಲ್ಲ.

ಕ್ಲೋರಾಂಫೆನಿಕಾಲ್ ಕೆಲವರಲ್ಲಿ ವಿರಳವಾದರೂ ಮಾರಕವಾದ ರಕ್ತಹೀನತೆಯನ್ನು ಉಂಟುಮಾಡಬಲ್ಲದು. ಎಷ್ಟು ಪ್ರಮಾಣ ಸುರಕ್ಷಿತವೆಂದು ಹೇಳಲಾಗದ ಕಾರಣ ಆಹಾರ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಅನೇಕ ರಾಷ್ಟ್ರಗಳು ನಿಷೇಧಿಸಿವೆ.

ಪರೀಕ್ಷೆಯ ಕ್ರಮ

ಪರೀಕ್ಷೆಯು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು 'ಎಲೈಸಾ' ಎಂಬ ಶೋಧನಾ ಪರೀಕ್ಷೆ. ಕಡಿಮೆ ವೆಚ್ಚದಲ್ಲಿ ಹೆಚ್ಚು ಮಾದರಿಗಳನ್ನು ನೋಡಬಹುದು. ಆದರೆ ಇದು ಸಂಶಯವನ್ನಷ್ಟೇ ಸೂಚಿಸುತ್ತದೆ. ಸಂಶಯ ಬಂದ ಮಾದರಿಯನ್ನು ಎಲ್‌ಸಿ-ಎಂಎಸ್/ಎಂಎಸ್ ಯಂತ್ರದಲ್ಲಿ ದೃಢಪಡಿಸಿಕೊಳ್ಳಲಾಗುತ್ತದೆ.

ಇಲ್ಲಿನ ಅಳತೆ ಅತಿ ಸೂಕ್ಷ್ಮವಾದುದು. ಯುರೋಪಿಯನ್ ಒಕ್ಕೂಟದಲ್ಲಿ ಕ್ಲೋರಾಂಫೆನಿಕಾಲ್‌ಗೆ ಕ್ರಮ ಕೈಗೊಳ್ಳುವ ಮಟ್ಟ ಮೊದಲು ಕಿಲೋಗೆ 0.3 ಮೈಕ್ರೋಗ್ರಾಂ ಇತ್ತು. 2022ರ ನವೆಂಬರ್‌ನಿಂದ ಅದು 0.15. ಅಂದರೆ ಒಂದು ಗ್ರಾಂ ಔಷಧವು 6,600 ಟನ್ ಮೀನಿನಲ್ಲಿ ಹರಡಿದ್ದರೂ ಆ ಮೀನು ತಿರಸ್ಕೃತವಾಗುತ್ತದೆ. 2002ರ ಜನವರಿಯಲ್ಲಿ ಒಕ್ಕೂಟವು ಚೀನಾದ ಪ್ರಾಣಿಜನ್ಯ ಉತ್ಪನ್ನಗಳನ್ನು ತಡೆಹಿಡಿದಾಗ ಕ್ಲೋರಾಂಫೆನಿಕಾಲ್ ಶೇಷಾಂಶವೇ ಮುಖ್ಯ ಕಾರಣಗಳಲ್ಲೊಂದಾಗಿತ್ತು. 2016ರಲ್ಲಿ ಭಾರತದ ಸಾಕಣೆ ಸಿಗಡಿಯ ತಪಾಸಣೆಯನ್ನು ಶೇ. 10ರಿಂದ ಶೇ. 50ಕ್ಕೆ ಏರಿಸಲಾಯಿತು.

ಒಳನಾಡಿನ ಪೇಟೆಗೂ ಅನ್ವಯ

ಇದು ರಫ್ತುದಾರರ ತೊಂದರೆ ಮಾತ್ರವೆಂದು ತಿಳಿಯಬಾರದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯು ಮೀನು ಮತ್ತು ಸಿಗಡಿಯ ಸಂಸ್ಕರಣೆಯಲ್ಲಿ ನೈಟ್ರೋಫ್ಯೂರಾನ್, ಕ್ಲೋರಾಂಫೆನಿಕಾಲ್ ಮುಂತಾದವನ್ನು ನಿಷೇಧಿಸಿತು. 2024ರ ತಿದ್ದುಪಡಿಯಿಂದ ಬಿಗಿಯಾದ ಮಿತಿಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆಹಾರ ಪ್ರಾಣಿಗಳ ಸಾಕಣೆಗಾಗಿ ಈ ಎರಡು ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು ಕೇಂದ್ರ ಸರ್ಕಾರವು 2025ರಲ್ಲಿ ನಿಷೇಧಿಸಿದೆ. ಔಷಧ ಹಾಗೂ ಮೇವಿನ ಅಂಗಡಿಕಾರರೂ ಇದನ್ನು ಗಮನಿಸಬೇಕು.

ಆಹಾರ ಸುರಕ್ಷತೆ ಕಾಯ್ದೆ, 2006ರ 27ನೇ ಕಲಮಿನ ಪ್ರಕಾರ, ಮಾಲು ಯಾರಿಂದ ಬಂತೆಂದು ತೋರಿಸಲಾಗದ ಮಾರಾಟಗಾರನು ಹೊಣೆಗಾರನಾಗುತ್ತಾನೆ. ಚೀಟಿಯಿಲ್ಲದೆ ಲಾರಿಯಿಂದ ಮೀನು ಇಳಿಸಿಕೊಳ್ಳುವವರಿಗೆ ಇರುವ ನಿಜವಾದ ಅಪಾಯ ಇದೇ. ಹೊಂಡದಲ್ಲಿ ಬೇರೆಯವರು ಮಾಡಿದ ತಪ್ಪು ಅಂಗಡಿಯವನ ತಲೆಗೆ ಬರುತ್ತದೆ.

ಅಧಿಕಾರಿಗಳು ಮಾದರಿ ತೆಗೆದಾಗ ಅದನ್ನು ನಾಲ್ಕು ಭಾಗ ಮಾಡಲಾಗುತ್ತದೆ. ವರ್ತಕರು ಕೋರಿದರೆ ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರ ವರದಿಗೆ 14 ದಿನಗಳ ಅವಧಿಯಿದೆ. ವರದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ಇಂತಹ ಪ್ರಕರಣಗಳನ್ನು ಪರಿಶೀಲಿಸುವ ಉಲ್ಲೇಖಿತ ಪ್ರಯೋಗಾಲಯಗಳಲ್ಲಿ ಒಂದು.

ವಹಿಸಬೇಕಾದ ಎಚ್ಚರಿಕೆ

1. ವರದಿ ಬರುವಷ್ಟರಲ್ಲಿ ಹಸಿ ಮೀನು ಮಾರಾಟವಾಗಿ ಹೋಗಿರುತ್ತದೆ. ಆದ್ದರಿಂದ ದೊಡ್ಡ ಖರೀದಿಗಳಲ್ಲಿ ಬಲೆ ಹಾಕುವ ಮೊದಲೇ ಹೊಂಡದ ಮಾದರಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು.

2. ಯಾವ ಔಷಧ, ಯಾವ ದಿನ, ಎಷ್ಟು ಪ್ರಮಾಣದಲ್ಲಿ ಕೊಡಲಾಯಿತೆಂಬ ವಿವರವನ್ನು ಸಾಕಣೆದಾರರಿಂದ ಬರಹದಲ್ಲಿ ಪಡೆಯಬೇಕು.

3. ಬೇರೆ ಬೇರೆ ಹೊಂಡಗಳ ಮೀನನ್ನು ಬೆರೆಸಬಾರದು. ಬೆರೆಸಿದರೆ ಒಂದರ ದೋಷ ಇಡೀ ಮಾಲಿಗೆ ತಗಲುತ್ತದೆ.

4. ಪ್ರಯೋಗಾಲಯದ ಮಾನ್ಯತೆಯು ಮೀನಿನಲ್ಲಿ ಆಯಾ ಔಷಧದ ಪರೀಕ್ಷೆಯನ್ನು ಒಳಗೊಂಡಿದೆಯೇ ಎಂದು ಮೊದಲೇ ಕೇಳಬೇಕು.

5. ಪ್ರತಿ ಖರೀದಿಯ ಬಿಲ್ಲನ್ನು ದಿನಾಂಕ ಮತ್ತು ಮೂಲಸ್ಥಳದೊಂದಿಗೆ ಜೋಪಾನವಾಗಿಡಬೇಕು.

ಶೇಷಾಂಶವನ್ನು ಪೇಟೆಯಲ್ಲಿ ತೆಗೆದುಹಾಕಲು ಸಾಧ್ಯವಿಲ್ಲ. ಹೊಂಡದಲ್ಲಿ ಬರದಂತೆ ತಡೆಯುವುದು ಮಾತ್ರ ಸಾಧ್ಯ. ಅದನ್ನು ಕೇಳಿ ತಿಳಿದುಕೊಂಡು ಕೊಳ್ಳುವ ವರ್ತಕನು ಗ್ರಾಹಕನ ಆರೋಗ್ಯದೊಂದಿಗೆ ತನ್ನ ಬಂಡವಾಳವನ್ನೂ ಕಾಪಾಡಿಕೊಳ್ಳುತ್ತಾನೆ.